ಮ್ಯಾಗ್ನೆಟಿಕ್ ನ್ಯಾನೋಕಣ ಪ್ರಾಜೆಕ್ಟ್: ಹೈಪರ್‌ಥರ್ಮಿಯಾ ತಗೊಳ್ಳಲಾ, ಡ್ರಗ್ ಟಾರ್ಗೆಟಿಂಗ್ ತಗೊಳ್ಳಲಾ?

ಕಬ್ಬಿಣದಕಡಲೆ

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ರಸಾಯನಶಾಸ್ತ್ರ, ಕೊನೆಯ ಸೆಮಿಸ್ಟರ್, ಜ್ಞಾನಭಾರತಿ ಕಡೆಯ ಕಾಲೇಜು. ಕಬ್ಬಿಣದ ಆಕ್ಸೈಡಿನ ಮ್ಯಾಗ್ನೆಟಿಕ್ ನ್ಯಾನೋಕಣ ಮಾಡಿ ಯಾವುದಾದರೂ ಒಂದು ವೈದ್ಯಕೀಯ ಉಪಯೋಗಕ್ಕೆ ಪರೀಕ್ಷಿಸಿ ಅಂದಿದ್ದಾರೆ. ಯಾವುದು ಅನ್ನೋದು ನಮಗೇ ಬಿಟ್ಟಿದ್ದು. ಲ್ಯಾಬಲ್ಲಿ ನೈಟ್ರೋಜನ್ ಸಿಲಿಂಡರ್, ಮ್ಯಾಗ್ನೆಟಿಕ್ ಸ್ಟಿರರ್, ಬಾತ್ ಸೋನಿಕೇಟರ್, ಯುವಿ-ವಿಸಿಬಲ್ (ದ್ರವ ಎಷ್ಟು ಬೆಳಕು ಹೀರುತ್ತೆ ಅಂತ ಅಳೆಯೋ ಯಂತ್ರ) ಇದೆ. ಸೆಂಟ್ರಿಫ್ಯೂಜ್ ಚಿಕ್ಕದು. ಸೆಲ್ ಕಲ್ಚರ್ ಇಲ್ಲ. ಮನಸ್ಸಲ್ಲಿರೋದು ಎರಡು: ಆಯಸ್ಕಾಂತ ಇಟ್ಟು ಔಷಧಿಯನ್ನು ಗಡ್ಡೆಯ ಹತ್ತಿರ ಎಳೆಯೋದು (ಟಾರ್ಗೆಟಿಂಗ್), ಇಲ್ಲಾ ಕಣಗಳನ್ನು ಬಿಸಿ ಮಾಡಿ ಗಡ್ಡೆ ಸುಡೋದು (ಹೈಪರ್‌ಥರ್ಮಿಯಾ). ಯಾವುದು ಆಗುತ್ತೆ ಹೇಳಿ.

ಜಾಲಹಳ್ಳಿ_ಕೊಲಾಯ್ಡ್

ಟಾರ್ಗೆಟಿಂಗ್ ಬಗ್ಗೆ ಒಂದೇ ಒಂದು ಲೆಕ್ಕ ಮಾಡಿ, ಆಮೇಲೆ ನೀವೇ ಅದನ್ನು ಕೈಬಿಡ್ತೀರಿ.

10 ನ್ಯಾನೋಮೀಟರ್ ವ್ಯಾಸದ ಮ್ಯಾಗ್ನೆಟೈಟ್ ಕಣ ಒಂದನ್ನು ತಗೊಳ್ಳಿ. ಪೂರ್ತಿ ಕಾಂತೀಯಗೊಂಡಾಗ ಅದರ ಕಾಂತೀಯ ಮೊಮೆಂಟ್ ಸುಮಾರು 2.5×10⁻¹⁹ ಆಂಪಿಯರ್-ಚದರ ಮೀಟರ್. ಒಳ್ಳೆಯ ನಿಯೋಡಿಮಿಯಂ ಆಯಸ್ಕಾಂತದ ಹತ್ತಿರ ಪ್ರತಿ ಮೀಟರಿಗೆ 10 ಟೆಸ್ಲಾ ಗ್ರೇಡಿಯಂಟ್ (ದೂರಕ್ಕೆ ತಕ್ಕಂತೆ ಕ್ಷೇತ್ರ ಬದಲಾಗೋ ದರ) ಸಿಗುತ್ತೆ ಅಂದುಕೊಳ್ಳೋಣ. ಬಲ 2.5×10⁻¹⁸ ನ್ಯೂಟನ್. ಸ್ಟೋಕ್ಸ್ ಸೂತ್ರದಲ್ಲಿ ನೀರಿನ ಸ್ನಿಗ್ಧತೆ ಹಾಕಿದರೆ ಕಣ ಓಡುವ ವೇಗ ಸೆಕೆಂಡಿಗೆ ಸುಮಾರು 27 ನ್ಯಾನೋಮೀಟರ್. ಲೋಮನಾಳದಲ್ಲಿ ರಕ್ತ ಹರಿಯೋದು ಸೆಕೆಂಡಿಗೆ ಸುಮಾರು ಅರ್ಧ ಮಿಲಿಮೀಟರ್, ಅಂದರೆ 5 ಲಕ್ಷ ನ್ಯಾನೋಮೀಟರ್. ದೊಡ್ಡ ರಕ್ತನಾಳದ ಮಾತು ಬಿಡಿ. ಇದೂ ಆಯಸ್ಕಾಂತ ಪಕ್ಕದಲ್ಲೇ ಇದ್ದಾಗಿನ ಮಾತು. ಗಡ್ಡೆ ಚರ್ಮದಿಂದ 5 ಸೆಂ.ಮೀ. ಒಳಗಿದ್ದರೆ ಗ್ರೇಡಿಯಂಟ್ ಇನ್ನೂ ಎಷ್ಟೋ ಪಟ್ಟು ಕಡಿಮೆ.

ಬಲ ವ್ಯಾಸದ ಘನಕ್ಕೆ ಏರುತ್ತೆ, ತಡೆ ವ್ಯಾಸಕ್ಕೆ ಮಾತ್ರ. ಹಾಗಾಗಿ ವೇಗ ವ್ಯಾಸದ ವರ್ಗಕ್ಕೆ ಏರುತ್ತೆ. 100 ನ್ಯಾನೋಮೀಟರಿನ ಗೊಂಚಲಾದರೆ ವೇಗ 100 ಪಟ್ಟು. 1 ಮೈಕ್ರಾನ್ ಮಣಿಯಾದರೆ 10,000 ಪಟ್ಟು, ಅಂದರೆ ಸೆಕೆಂಡಿಗೆ ಕಾಲು ಮಿಲಿಮೀಟರ್. ಆಗ ಆಯಸ್ಕಾಂತಕ್ಕೆ ಖುಷಿ, ಆದರೆ ಅಂಥ ಕಣವನ್ನು ರಕ್ತಕ್ಕೆ ಬಿಟ್ಟರೆ ಯಕೃತ್ತು ಮತ್ತು ಗುಲ್ಮ ನಿಮಿಷಗಳಲ್ಲಿ ಹಿಡಿದುಬಿಡುತ್ತವೆ. ಗಂಟು ಕಟ್ಟಿದರೆ 5ರಿಂದ 8 ಮೈಕ್ರಾನ್ ಅಗಲದ ಲೋಮನಾಳ ಮುಚ್ಚಿಹೋಗುತ್ತೆ. ದೇಹಕ್ಕೆ ಸಣ್ಣದು ಬೇಕು, ಆಯಸ್ಕಾಂತಕ್ಕೆ ದೊಡ್ಡದು ಬೇಕು. ಈ ಕ್ಷೇತ್ರದ ಅರ್ಧ ತಲೆನೋವು ಇಷ್ಟೇ.

1996ರಲ್ಲೇ ಜರ್ಮನಿಯಲ್ಲಿ ಲ್ಯೂಬೆ ತಂಡ ಎಪಿರುಬಿಸಿನ್ ಅನ್ನೋ ಕ್ಯಾನ್ಸರ್ ಔಷಧಿ ಕಟ್ಟಿದ ಕಣಗಳನ್ನು 14 ರೋಗಿಗಳಿಗೆ ಕೊಟ್ಟು ನೋಡಿತ್ತು. ಅಲ್ಲಿಂದ ಇಲ್ಲಿಯವರೆಗೆ ಟಾರ್ಗೆಟಿಂಗ್ ದಿನನಿತ್ಯದ ಚಿಕಿತ್ಸೆಯಾಗಿಲ್ಲ.

ರಕ್ತಪರೀಕ್ಷೆ_ಬಸವನಗುಡಿ

ಕೊಲಾಯ್ಡ್ ಸರ್ ಹೇಳಿದ್ದನ್ನೇ ತಿರುಗಿಸಿ ನೋಡಿ. ದೇಹದ ಹೊರಗೆ, ಟ್ಯೂಬಿನೊಳಗೆ, ರಕ್ತ ಹರಿಯೋದೇ ಇಲ್ಲ. ಆಯಸ್ಕಾಂತ ಅರ್ಧ ಸೆಂಟಿಮೀಟರ್ ದೂರದಲ್ಲಿ ಇದೆ. 1 ಮೈಕ್ರಾನ್ ಮಣಿ ಹಾಕಿದರೂ ಕೇಳೋರಿಲ್ಲ. ಅದಕ್ಕೇ ಈ ಕಣಗಳು ನಿಜವಾಗಿ ಗೆದ್ದಿರೋದು ಅಲ್ಲಿ. ಬೆಂಗಳೂರಿನ ಯಾವುದೇ ಮಧ್ಯಮ ಗಾತ್ರದ ಲ್ಯಾಬಿಗೆ ಹೋಗಿ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಕೊಡಿ. ಕೆಮಿಲ್ಯುಮಿನೆಸೆನ್ಸ್ ಯಂತ್ರದಲ್ಲಿ ನಿಮ್ಮ ಸೀರಂಗೆ ಬೆರೆಸೋದು ಆ್ಯಂಟಿಬಾಡಿ ಅಂಟಿಸಿದ ಪ್ಯಾರಾಮ್ಯಾಗ್ನೆಟಿಕ್ ಕಣಗಳನ್ನೇ. ಆಯಸ್ಕಾಂತ ಕಣಗಳನ್ನು ಗೋಡೆಗೆ ಹಿಡಿಯುತ್ತೆ, ಉಳಿದದ್ದು ತೊಳೆದುಹೋಗುತ್ತೆ, ಬೆಳಕು ಅಳೀತಾರೆ.

ಕೋವಿಡ್ ಕಾಲದ ಆರ್‌ಎನ್‌ಎ ಎಕ್ಸ್‌ಟ್ರಾಕ್ಷನ್ ಯಂತ್ರಗಳಲ್ಲೂ ಸಿಲಿಕಾ ಹೊದಿಕೆಯ ಮ್ಯಾಗ್ನೆಟಿಕ್ ಬೀಡ್ಸ್. ಜೀವಕೋಶ ಬೇರ್ಪಡಿಸಲು ಮಿಲ್ಟೆನ್ಯಿ ಕಂಪನಿಯವರ 50 ನ್ಯಾನೋಮೀಟರ್ ಮಣಿ. ಅವು ಇಷ್ಟು ಸಣ್ಣದಾದ್ದರಿಂದಲೇ ಬರಿಯ ಆಯಸ್ಕಾಂತಕ್ಕೆ ಬರಲ್ಲ. ಕಾಲಮ್ಮಿನೊಳಗೆ ಉಕ್ಕಿನ ಜಾಲ ತುಂಬಿ ಸ್ಥಳೀಯವಾಗಿ ಗ್ರೇಡಿಯಂಟ್ ಏರಿಸಬೇಕು. ಇನ್ನು ಸೆಲ್‌ಸರ್ಚ್ ಅನ್ನೋ ರಕ್ತಪರೀಕ್ಷೆ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಒಪ್ಪಿದ್ದು. 7.5 ಮಿ.ಲೀ. ರಕ್ತದಲ್ಲಿ ಮೇಲ್ಮೈಯಲ್ಲಿ ಎಪ್‌ಕ್ಯಾಮ್ ಪ್ರೋಟೀನ್ ಇರುವ ಕ್ಯಾನ್ಸರ್ ಕೋಶಗಳನ್ನು ಫೆರೋಫ್ಲೂಯಿಡ್‌ನಿಂದ (ಮ್ಯಾಗ್ನೆಟಿಕ್ ಕಣಗಳ ದ್ರವ) ಹಿಡಿದು ಎಣಿಸುತ್ತೆ. ಹರಡಿದ ಸ್ತನ ಕ್ಯಾನ್ಸರಿನಲ್ಲಿ 5 ಅಥವಾ ಹೆಚ್ಚು ಸಿಕ್ಕರೆ ಮುನ್ನೋಟ ಚೆನ್ನಾಗಿಲ್ಲ ಅಂತ ಲೆಕ್ಕ.

ನಿಮ್ಮ ಲ್ಯಾಬಿಗೆ ಹೊಂದೋದು ಇದೇ. ಸಿಲಿಕಾ ಹೊದಿಸಿ, ಡಿಎನ್‌ಎ ಹಿಡಿಸಿ, ಅಳೆದು ತೋರಿಸಿ.

ಸ್ಕ್ಯಾನ್_ರಾತ್ರಿಪಾಳಿ

ದೇಹದೊಳಗೆ ಏನೂ ಆಗಿಲ್ಲ ಅನ್ನೋ ಹಾಗೆ ಬರೀಬೇಡಿ ಸರ್. ಎಂಆರ್‌ಐಯಲ್ಲಿ ಕಣ ಎಳೆಯೋ ಗೋಜೇ ಇಲ್ಲ. ಅದು ಎಲ್ಲಿ ಹೋಗಿ ಕೂರುತ್ತೋ ಅಲ್ಲಿ ಸುತ್ತಲಿನ ನೀರಿನ ಟಿ2 (ಸಂಕೇತ ಆರಲು ಹಿಡಿಯೋ ಸಮಯ) ಕುಗ್ಗಿಸಿ ಚಿತ್ರ ಕಪ್ಪು ಮಾಡುತ್ತೆ. ಯಕೃತ್ತಿನ ಕುಪ್ಫರ್ ಕೋಶಗಳು ಕಣ ನುಂಗುವುದರಿಂದ ಆರೋಗ್ಯವಂತ ಭಾಗ ಕಪ್ಪಾಗುತ್ತೆ, ಕುಪ್ಫರ್ ಕೋಶಗಳಿಲ್ಲದ ಮೆಟಾಸ್ಟಾಸಿಸ್ (ಬೇರೆಡೆಯಿಂದ ಹರಡಿದ ಗಡ್ಡೆ) ಬೆಳ್ಳಗೆ ಉಳಿಯುತ್ತೆ. ನೀವು ದೋಷ ಅಂತೀರಲ್ಲ, ಯಕೃತ್ತು ಹಿಡಿದುಬಿಡುತ್ತೆ ಅಂತ, ಅದನ್ನೇ ಇಲ್ಲಿ ಕೆಲಸಕ್ಕೆ ಹಚ್ಚಿದ್ದು. ಇಂಥ ಕಣದ ಇಂಜೆಕ್ಷನ್ ಫೆರಿಡೆಕ್ಸ್‌ಗೆ 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ರೆಸೋವಿಸ್ಟ್ 2001ರಲ್ಲಿ ಯುರೋಪಿಗೆ ಬಂತು.

ಎರಡೂ ಅಲ್ಲಿನ ಮಾರುಕಟ್ಟೆಯಿಂದ ಹೋದವು ನಿಜ. ಫೆರಿಡೆಕ್ಸ್ ಅನ್ನು ಸುಮಾರು ಅರ್ಧ ಗಂಟೆ ಡ್ರಿಪ್ಪಲ್ಲಿ ಕೊಡಬೇಕಿತ್ತು, ಬೇಗ ಬಿಟ್ಟರೆ ಬೆನ್ನು ನೋವು. ಗ್ಯಾಡೋಲಿನಿಯಂ ಆದರೆ ಕೈಗೆ ಚುಚ್ಚಿ ಅಲ್ಲೇ ಸ್ಕ್ಯಾನ್. ಬೆಳ್ಳಗೆ ಹೊಳೆಯೋ ಚಿತ್ರವನ್ನು ಓದೋದು ರೇಡಿಯಾಲಜಿಸ್ಟ್‌ಗೂ ಸುಲಭ. ಕಪ್ಪು ಚುಕ್ಕೆ ಕಣದಿಂದ ಬಂತೋ, ಹಳೆಯ ರಕ್ತಸ್ರಾವವೋ, ಗಾಳಿಯೋ ಹೇಳೋದು ಕಷ್ಟ.

ಇನ್ನೊಂದು ಫೆರುಮಾಕ್ಸಿಟಾಲ್. 2009ರಲ್ಲಿ ಎಫ್‌ಡಿಎ ಒಪ್ಪಿದ್ದು ಕಿಡ್ನಿ ರೋಗಿಗಳ ರಕ್ತಹೀನತೆಗೆ: 17 ಮಿ.ಲೀ. ಸೀಸೆಯಲ್ಲಿ 510 ಮಿ.ಗ್ರಾಂ. ಕಬ್ಬಿಣ, 3ರಿಂದ 8 ದಿನಕ್ಕೆ ಎರಡನೇ ಡೋಸ್. ತೀವ್ರ ಅಲರ್ಜಿಯ ಪ್ರಕರಣಗಳ ನಂತರ 2015ರಲ್ಲಿ ಲೇಬಲ್ ಮೇಲೆ ಚೌಕಟ್ಟು ಹಾಕಿದ ಗಂಭೀರ ಎಚ್ಚರಿಕೆ (ಬಾಕ್ಸ್ಡ್ ವಾರ್ನಿಂಗ್) ಬಂತು. ಈಗ ಕನಿಷ್ಠ 15 ನಿಮಿಷ ಡ್ರಿಪ್, ಆಮೇಲೆ ಅರ್ಧ ಗಂಟೆ ನಿಗಾ. ಇದನ್ನು ಪಡೆದವರ ಎಂಆರ್‌ಐ ಚಿತ್ರ 3 ತಿಂಗಳವರೆಗೂ ಬದಲಾಗಿ ಕಾಣಬಹುದು. ಸಿಟಿಗೂ ಎಕ್ಸ್‌ರೇಗೂ ತೊಂದರೆ ಇಲ್ಲ. ವಿದೇಶದಿಂದ ಬಂದ ಡಯಾಲಿಸಿಸ್ ರೋಗಿಯ ಸ್ಕ್ಯಾನ್‌ನಲ್ಲಿ ಯಕೃತ್ತು ಇದ್ದಕ್ಕಿದ್ದಂತೆ ಕಪ್ಪಗಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ, ಯಾವ ಕಬ್ಬಿಣದ ಇಂಜೆಕ್ಷನ್ ತಗೊಂಡಿದ್ರಿ ಅಂತ.

ವಾರ್ಡ್_ಸಿಸ್ಟರ್

ನಮ್ಮ ಕಡೆ ಹೆರಿಗೆ ವಾರ್ಡಲ್ಲಿ ಕೊಡೋ ಐರನ್ ಸುಕ್ರೋಸೂ ನ್ಯಾನೋಕಣವೇ ಅಲ್ವಾ? ಅದೂ ಹೀಗೆ ಎಂಆರ್‌ಐ ಕಪ್ಪು ಮಾಡುತ್ತಾ?

ಜಾಲಹಳ್ಳಿ_ಕೊಲಾಯ್ಡ್

ನ್ಯಾನೋಕಣವೇ ಸಿಸ್ಟರ್, ಸಕ್ಕರೆ ಸುತ್ತಿದ ಕಬ್ಬಿಣದ ಆಕ್ಸಿಹೈಡ್ರಾಕ್ಸೈಡ್. ಆದರೆ ತಿರುಳು ಮ್ಯಾಗ್ನೆಟೈಟ್ ಅಲ್ಲ, ಆಯಸ್ಕಾಂತಕ್ಕೆ ಅಷ್ಟಾಗಿ ಸ್ಪಂದಿಸಲ್ಲ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಕೂಡ ಅದೇ ಜಾತಿ. ಫೆರುಮಾಕ್ಸಿಟಾಲ್‌ನಷ್ಟು ಜೋರಾದ ಪರಿಣಾಮ ಇರಲ್ಲ. ನಿಮಗೆ ಗೊತ್ತಿರೋದೇ ಆದರೂ ಹುಡುಗರಿಗೆ ಹೇಳ್ತೀನಿ: ಐರನ್ ಸುಕ್ರೋಸನ್ನು ನಾರ್ಮಲ್ ಸಲೈನ್‌ನಲ್ಲೇ ಬೆರೆಸಬೇಕು, ಡೆಕ್ಸ್‌ಟ್ರೋಸಿನಲ್ಲಿ ಅಲ್ಲ. ಕೊಲಾಯ್ಡ್ ಅಂದಮೇಲೆ ಯಾವ ದ್ರವದಲ್ಲಿ ಬೆರೆಸ್ತೀರಿ ಅನ್ನೋದು ಔಷಧದಷ್ಟೇ ಮುಖ್ಯ.

ಸ್ಕ್ಯಾನ್_ರಾತ್ರಿಪಾಳಿ

ಇನ್ನೂ ಒಂದು ಬಿಟ್ಟುಹೋಯ್ತು. ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಸೆಂಟಿನೆಲ್ ನೋಡ್ (ಕ್ಯಾನ್ಸರ್ ಮೊದಲು ಹರಡುವ ದುಗ್ಧಗ್ರಂಥಿ) ಹುಡುಕಲು ವಿಕಿರಣಶೀಲ ಟೆಕ್ನೀಶಿಯಂ-99ಎಂ ಬದಲು ಕಬ್ಬಿಣದ ಕಣ. ಮ್ಯಾಗ್‌ಟ್ರೇಸ್ ಅಂತ, 2018ರಲ್ಲಿ ಎಫ್‌ಡಿಎ ಒಪ್ಪಿಗೆ. 2 ಮಿ.ಲೀ. ಚುಚ್ಚಿದರೆ ಕಣಗಳು ದುಗ್ಧನಾಳದಲ್ಲಿ ಸಾಗಿ ಗ್ರಂಥಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಕೈಯಲ್ಲಿ ಹಿಡಿಯುವ ಪ್ರೋಬ್ ಸದ್ದು ಮಾಡಿ ತೋರಿಸುತ್ತೆ. ಟೆಕ್ನೀಶಿಯಂನ ಅರ್ಧಾಯು 6 ಗಂಟೆ, ಹಾಗಾಗಿ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಹತ್ತಿರದಲ್ಲಿ ಇರಲೇಬೇಕು. ಕಬ್ಬಿಣ ಕೊಳೆಯೋದಿಲ್ಲ, ಕೆಲವು ದಿನ ಮೊದಲೇ ಚುಚ್ಚಿ ಕಳಿಸಬಹುದು. ತಾಲ್ಲೂಕು ಮಟ್ಟದ ಶಸ್ತ್ರಚಿಕಿತ್ಸೆಗೆ ನನ್ನ ಪ್ರಕಾರ ಇದು ಹೈಪರ್‌ಥರ್ಮಿಯಾಗಿಂತ ಹೆಚ್ಚು ಉಪಯೋಗದ್ದು.

ತೊಂದರೆಗಳೂ ಇವೆ. ಪ್ರೋಬ್ ಹತ್ತಿರ ಸ್ಟೀಲ್ ರಿಟ್ರ್ಯಾಕ್ಟರ್ ಬಂದರೆ ಅದಕ್ಕೂ ಸದ್ದು ಮಾಡುತ್ತೆ, ಪ್ಲಾಸ್ಟಿಕ್ ಉಪಕರಣ ಬೇಕು. ಚುಚ್ಚಿದ ಕಡೆ ಚರ್ಮ ಕಂದಾಗಿ ತಿಂಗಳುಗಟ್ಟಲೆ ಉಳಿಯಬಹುದು. ಆಮೇಲೆ ಆ ಸ್ತನದ ಎಂಆರ್‌ಐ ತೆಗೆದರೆ ಕಪ್ಪು ರಂಧ್ರದಂಥ ಆರ್ಟಿಫ್ಯಾಕ್ಟ್. ಕೀಮೋ ನಡುವೆ ಎಂಆರ್‌ಐಯಲ್ಲೇ ಪ್ರಗತಿ ನೋಡಬೇಕಾದವರಿಗೆ ಇದು ಸಣ್ಣ ವಿಷಯ ಅಲ್ಲ.

ಸುರುಳಿ_ಎಸ್‌ಪಿರೋಡ್

ಹೈಪರ್‌ಥರ್ಮಿಯಾ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೀತೀನಿ. ಯಾಕೆಂದರೆ ಹುಡುಗರು ಎಸ್.ಪಿ. ರಸ್ತೆಗೆ ಹೋಗಿ ಇಂಡಕ್ಷನ್ ಹೀಟರ್ ಬೋರ್ಡ್ ತಂದು, ಟೆಸ್ಟ್ ಟ್ಯೂಬ್ ಬಿಸಿಯಾಯ್ತು ಅಂತ ಗ್ರಾಫ್ ಹಾಕಿಬಿಡ್ತಾರೆ. ಆ ಗ್ರಾಫಲ್ಲಿ ಮುಕ್ಕಾಲು ಪಾಲು ಕಾಯಿಲಿನ ಬಿಸಿಯೇ ಇರುತ್ತೆ ಗುರೂ.

ಕಾಯಿಲನ್ನು ಎ.ಸಿ. ಕೆಲಸದ 6 ಮಿ.ಮೀ. ತಾಮ್ರದ ಪೈಪಿನಲ್ಲೇ ಸುತ್ತಿ, ಒಳಗೆ ನೀರು ಓಡಿಸಿ. ಬೋರ್‌ವೆಲ್ ನೀರು ಬೇಡ, ಸುಣ್ಣ ಕಟ್ಟಿ ಪೈಪು ಮುಚ್ಚುತ್ತೆ. ಡಿಸ್ಟಿಲ್ಡ್ ನೀರನ್ನು ಅಕ್ವೇರಿಯಂ ಪಂಪಿನಲ್ಲಿ ಸುತ್ತಿಸಿ. ಕಾಯಿಲಿಗೂ ಟ್ಯೂಬಿಗೂ ನಡುವೆ ಥರ್ಮೋಕೋಲ್ ಕವಚ ಇರಲಿ. ಥರ್ಮೋಕಪಲ್ ಹಾಕಬೇಡಿ, ಲೋಹದ ತಂತಿ ತಾನೇ ಎಡ್ಡಿ ಕರೆಂಟಿನಿಂದ ಬಿಸಿಯಾಗುತ್ತೆ, ಸಿಗ್ನಲ್‌ನಲ್ಲೂ ಗದ್ದಲ. ಫೈಬರ್ ಆಪ್ಟಿಕ್ ಥರ್ಮಾಮೀಟರ್ ಬೇಕು. ಇಲ್ಲದಿದ್ದರೆ ಆಲ್ಕೋಹಾಲ್ ತುಂಬಿದ ಗಾಜಿನದು, ನಿಧಾನ ಆದರೂ ಸುಳ್ಳು ಹೇಳಲ್ಲ. ಉಂಗುರ, ಬಳೆ, ವಾಚು ಬಿಚ್ಚಿಡಿ. ಪೇಸ್‌ಮೇಕರ್ ಇರುವವರು ಕೋಣೆಗೇ ಬರಬಾರದು.

ಕ್ಷೇತ್ರ ಎಷ್ಟಿದೆ ಅಂತ ಅಳೆಯದೆ ಏನೂ ಬರೀಬೇಡಿ. 1 ಸೆಂ.ಮೀ. ವ್ಯಾಸದ ಒಂದೇ ಸುತ್ತಿನ ತೆಳು ತಂತಿ ಮಾಡಿ ಕಾಯಿಲಿನ ಮಧ್ಯೆ ಹಿಡಿದು ಆಸಿಲೋಸ್ಕೋಪಿಗೆ ಕೊಡಿ. 100 ಕಿಲೋಹರ್ಟ್ಜ್‌ನಲ್ಲಿ ಶಿಖರ ವೋಲ್ಟೇಜ್ 0.62 ಬಂದರೆ ಕ್ಷೇತ್ರ ಮೀಟರಿಗೆ 10 ಕಿಲೋಆಂಪಿಯರ್. ಉಳಿದದ್ದು ಅನುಪಾತದಲ್ಲಿ.

ಈಗ ಎಸ್‌ಎಆರ್ (ಒಂದು ಗ್ರಾಂ ಕಬ್ಬಿಣ ಕೊಡೋ ಬಿಸಿಯ ದರ) ಲೆಕ್ಕ. ನೀರಿನ ಉಷ್ಣಸಾಮರ್ಥ್ಯ 4.18, ಗುಣಿಸು ಮೊದಲ 20-30 ಸೆಕೆಂಡಿನ ಏರಿಕೆಯ ದರ, ಭಾಗಿಸು ಒಂದು ಗ್ರಾಂ ದ್ರವದಲ್ಲಿರುವ ಕಬ್ಬಿಣ. 1 ಮಿ.ಲೀ.ಗೆ 5 ಮಿ.ಗ್ರಾಂ. ಕಬ್ಬಿಣ, ಸೆಕೆಂಡಿಗೆ 0.1 ಡಿಗ್ರಿ ಏರಿದರೆ ಸುಮಾರು 84 ವ್ಯಾಟ್ ಪ್ರತಿ ಗ್ರಾಂ ಕಬ್ಬಿಣಕ್ಕೆ. ಬರಿ ನೀರಿನ ಟ್ಯೂಬಿಗೂ ಇದೇ ಮಾಡಿ, ಆ ದರ ಕಳೆಯಿರಿ. ಐದು ನಿಮಿಷದ ಸರಾಸರಿ ತೆಗೆದರೆ ಉಷ್ಣ ಸೋರಿಕೆ ಸೇರಿಕೊಂಡು ಬೆಲೆ ಕಡಿಮೆ ಬರುತ್ತೆ.

ಕೊನೆಯದಾಗಿ, ಕ್ಷೇತ್ರವನ್ನೂ ಫ್ರೀಕ್ವೆನ್ಸಿಯನ್ನೂ ಗುಣಿಸಿ ನೋಡಿ. ಮನುಷ್ಯ ಒಂದು ಗಂಟೆಗೂ ಮೀರಿ ತಡೆದುಕೊಂಡ ಮಿತಿ ಅಂತ ಅಟ್ಕಿನ್ಸನ್-ಬ್ರೆಜೊವಿಚ್ ಕೊಟ್ಟದ್ದು ಸುಮಾರು 48.5 ಕೋಟಿ (ಆಂಪಿಯರ್/ಮೀಟರ್ ಗುಣಿಸು ಹರ್ಟ್ಜ್). ದೇಹದ ಸಣ್ಣ ಭಾಗಕ್ಕೆ ಮಾತ್ರ ಆದರೆ 500 ಕೋಟಿವರೆಗೆ ಹೋಗಬಹುದು ಅನ್ನೋದು ಹೆರ್ಗ್ಟ್ ಮತ್ತು ಡುಟ್ಜ್ ವಾದ. 300 ಕಿಲೋಹರ್ಟ್ಜ್, ಮೀಟರಿಗೆ 30 ಕಿಲೋಆಂಪಿಯರ್ ಅಂತ ಎಷ್ಟೋ ಪ್ರಬಂಧಗಳಲ್ಲಿ ಕಾಣುತ್ತೆ. ಗುಣಿಸಿದರೆ 900 ಕೋಟಿ. ಟ್ಯೂಬಿಗೆ ಸರಿ, ರೋಗಿಗೆ ಅಲ್ಲ. ಕಣ ಬಿಸಿಯಾಗೋ ಮೊದಲು ರೋಗಿಯ ಮಾಂಸಖಂಡವೇ ಎಡ್ಡಿ ಕರೆಂಟಿನಲ್ಲಿ ಕಾಯುತ್ತೆ.

ಕಬ್ಬಿಣದಕಡಲೆ

ಹಾಗಾದರೆ ಮನುಷ್ಯರಲ್ಲಿ ಇದನ್ನು ಮಾಡಿಯೇ ಇಲ್ವಾ?

ಸುರುಳಿ_ಎಸ್‌ಪಿರೋಡ್

ಮಾಡಿದ್ದಾರೆ. ಬರ್ಲಿನ್ನಿನ ಮ್ಯಾಗ್‌ಫೋರ್ಸ್ ಕಂಪನಿ, ಆಂಡ್ರಿಯಾಸ್ ಜೋರ್ಡಾನ್ ಅವರ ಕೆಲಸ. ಮೆದುಳಿನ ಗಡ್ಡೆಗೆ ಯುರೋಪಿನಲ್ಲಿ 2010ರಲ್ಲಿ ಅನುಮತಿ. 12 ನ್ಯಾನೋಮೀಟರ್ ತಿರುಳು, ಅಮಿನೋಸಿಲೇನ್ ಹೊದಿಕೆ, ಮಿ.ಲೀ.ಗೆ 112 ಮಿ.ಗ್ರಾಂ. ಕಬ್ಬಿಣ. ನೋಡಿ, ರಕ್ತಕ್ಕೆ ಬಿಡಲೇ ಇಲ್ಲ, ಸೂಜಿಯಿಂದ ನೇರ ಗಡ್ಡೆಯೊಳಗೇ ಇಟ್ಟರು. ಕೊಲಾಯ್ಡ್ ಸರ್ ಹೇಳಿದ ಗಾತ್ರದ ತಕರಾರನ್ನು ಹೀಗೆ ಬಳಸಿ ದಾಟಿದ್ದು. 100 ಕಿಲೋಹರ್ಟ್ಜ್, ಗರಿಷ್ಠ 15 ಕಿಲೋಆಂಪಿಯರ್. ಗುಣಲಬ್ಧ 150 ಕೋಟಿ. ಜೊತೆಗೆ ರೇಡಿಯೇಷನ್. ಮರುಕಳಿಸಿದ ಗ್ಲಿಯೋಬ್ಲಾಸ್ಟೋಮಾದ (ಉಗ್ರ ಮೆದುಳು ಕ್ಯಾನ್ಸರ್) 59 ರೋಗಿಗಳ ಅಧ್ಯಯನ 2011ರಲ್ಲಿ ಪ್ರಕಟವಾಯ್ತು, ಮರುಕಳಿಕೆ ಪತ್ತೆಯಾದಾಗಿನಿಂದ ಮೀಡಿಯನ್ ಬದುಕುಳಿವು 13.4 ತಿಂಗಳು. ಆದರೆ ಹೋಲಿಸಲು ಜೊತೆಗೇ ನಡೆಸಿದ ಇನ್ನೊಂದು ಗುಂಪು ಇರಲಿಲ್ಲ, ಅದನ್ನು ಮರೆತು ಓದಬಾರದು.

ಬೆಲೆ ಏನು ತೆತ್ತರು? ಹತ್ತಿರದ ಲೋಹದ ಹಲ್ಲು ತುಂಬಿಕೆ, ಕ್ರೌನ್ ತೆಗೆಸಬೇಕು. ಆಮೇಲೆ ಆ ಜಾಗದ ಎಂಆರ್‌ಐ ಉಪಯೋಗಕ್ಕೆ ಬರಲ್ಲ. ಮೆದುಳಿನ ಗಡ್ಡೆಯವರಿಗೆ ಎಂಆರ್‌ಐ ಇಲ್ಲ ಅಂದರೆ ಡಾಕ್ಟರ್ ಕಣ್ಣು ಕಟ್ಟಿದ ಹಾಗೆ. ಕಂಪನಿ 2022ರಲ್ಲಿ ದಿವಾಳಿ ಅರ್ಜಿ ಹಾಕಿತು.

ದಾಸರಹಳ್ಳಿ_ಮಂಜು

ವಾಟ್ಸ್ಆ್ಯಪ್‌ನಲ್ಲಿ ‘ನ್ಯಾನೋ ಮ್ಯಾಗ್ನೆಟ್ ಥೆರಪಿ, ಕೀಮೋ ಬೇಡ’ ಅಂತ ಬರ್ತಿದೆ. ಕೊಡಿಸಬಹುದಾ?

ನಿಯಮಾವಳಿ

ಬೇಡ ಮಂಜು ಅವರೇ. ನಮ್ಮ ದೇಶದಲ್ಲಿ ಇದು ಕ್ಯಾನ್ಸರಿಗೆ ರೂಢಿಯ ಚಿಕಿತ್ಸೆ ಅಲ್ಲ. ಪ್ರಯೋಗ ಅಂತ ಹೇಳಿದರೆ ಸಿಟಿಆರ್‌ಐ (ದೇಶದ ಔಷಧ ಪ್ರಯೋಗಗಳ ದಾಖಲೆ) ನೋಂದಣಿ ಸಂಖ್ಯೆ ಕೇಳಿ, ಭಾರತದಲ್ಲಿ 2009ರ ಜೂನ್‌ನಿಂದ ಅದು ಕಡ್ಡಾಯ. ವೆಬ್‌ಸೈಟಿನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಆಸ್ಪತ್ರೆ, ಯಾವ ಎಥಿಕ್ಸ್ ಸಮಿತಿ, ಎಲ್ಲ ಕಾಣಬೇಕು. ಪ್ರಯೋಗದ ಔಷಧಕ್ಕೆ ನಿಮ್ಮಿಂದಲೇ ಲಕ್ಷಗಟ್ಟಲೆ ಕೇಳಿದರೆ ಅಲ್ಲಿಗೇ ಎದ್ದು ಬನ್ನಿ. ಈಗ ನಡೆಯುತ್ತಿರುವ ಕೀಮೋ ನಿಲ್ಲಿಸಬೇಡಿ. ಎರಡನೇ ಅಭಿಪ್ರಾಯ ಬೇಕಿದ್ದರೆ ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಬಯಾಪ್ಸಿ ವರದಿ, ಸ್ಲೈಡು, ಸ್ಕ್ಯಾನ್ ತಗೊಂಡು ಹೋಗಿ.

ಮೂಲ ಪ್ರಶ್ನೆ ಕೇಳಿದವರಿಗೆ: ಜೈವಿಕ ತಂತ್ರಜ್ಞಾನ ಇಲಾಖೆ 2019ರಲ್ಲಿ ನ್ಯಾನೋ ಔಷಧಗಳ ಮೌಲ್ಯಮಾಪನಕ್ಕೆ ಮಾರ್ಗಸೂಚಿ ಹೊರಡಿಸಿದೆ. ಪ್ರಬಂಧದ ಪೀಠಿಕೆಗೆ ಇಂಟರ್ನೆಟ್ಟಿನ ಸಾಲುಗಳ ಬದಲು ಅದನ್ನು ಓದಿ ಬರೆಯಿರಿ.

ಕಬ್ಬಿಣದಕಡಲೆ

ಸರಿ, ಸಿಲಿಕಾ ಮಣಿ, ಡಿಎನ್‌ಎ ಹಿಡಿಯೋದು, ಇದನ್ನೇ ಮಾಡ್ತೀವಿ. ಕಣ ತಯಾರಿಕೆ ಹೆಜ್ಜೆ ಹೇಳ್ತೀರಾ ಕೊಲಾಯ್ಡ್ ಸರ್?

ಜಾಲಹಳ್ಳಿ_ಕೊಲಾಯ್ಡ್

ಕೋ-ಪ್ರೆಸಿಪಿಟೇಷನ್ (ಎರಡು ಕಬ್ಬಿಣದ ಲವಣಗಳನ್ನು ಒಟ್ಟಿಗೆ ಕ್ಷಾರದಿಂದ ಗಸಿ ಇಳಿಸೋದು) ಸಾಕು. ಮೊದಲ ಎಚ್ಚರಿಕೆ: ನಿಮ್ಮ ಮ್ಯಾಗ್ನೆಟಿಕ್ ಸ್ಟಿರರ್ ಇಲ್ಲಿ ಶತ್ರು. ಹುಟ್ಟಿದ ಮ್ಯಾಗ್ನೆಟೈಟ್ ಎಲ್ಲ ಬಿಲ್ಲೆಗೇ ಅಂಟಿಕೊಳ್ಳುತ್ತೆ. ಮೇಲಿನಿಂದ ತಿರುಗುವ ಮೋಟರ್ ಸ್ಟಿರರ್ ಯಾರ ಹತ್ತಿರವಾದರೂ ತನ್ನಿ.

100 ಮಿ.ಲೀ. ಡಿಸ್ಟಿಲ್ಡ್ ನೀರಿಗೆ ಅರ್ಧ ಗಂಟೆ ನೈಟ್ರೋಜನ್ ಬಿಡಿ. ಫೆರಿಕ್ ಕ್ಲೋರೈಡ್ ಹೆಕ್ಸಾಹೈಡ್ರೇಟ್ 5.41 ಗ್ರಾಂ, ಫೆರಸ್ ಕ್ಲೋರೈಡ್ ಟೆಟ್ರಾಹೈಡ್ರೇಟ್ 1.99 ಗ್ರಾಂ. 20 ಮತ್ತು 10 ಮಿಲಿಮೋಲ್, 2ಕ್ಕೆ 1. ಫೆರಸ್ ಕ್ಲೋರೈಡ್ ಬಾಟಲಿ ಮುಚ್ಚಳ ತೆಗೆದು ನೋಡಿ, ಹಸಿರಾಗಿರಬೇಕು. ಹಳದಿ-ಕಂದು ಗಟ್ಟಿಯಾಗಿದ್ದರೆ ಅದು ಆಗಲೇ ಫೆರಿಕ್ ಆಗಿದೆ, ನಿಮ್ಮ ಅನುಪಾತ ಹಾಳು. ಹೊಸ ಬಾಟಲಿ ತರಿಸಿ, ಇದರಲ್ಲಿ ಉಳಿತಾಯ ಮಾಡಬೇಡಿ.

80 ಡಿಗ್ರಿಗೆ ಏರಿಸಿ, ನೈಟ್ರೋಜನ್ ನಿಲ್ಲಿಸದೆ, ಜೋರಾಗಿ ಕಲಕುತ್ತಾ 25 ಶೇಕಡಾ ಅಮೋನಿಯಾ ಸುರಿಯಿರಿ. ಲೆಕ್ಕದ ಪ್ರಕಾರ 6 ಮಿ.ಲೀ. ಸಾಕು (80 ಮಿಲಿಮೋಲ್ ಹೈಡ್ರಾಕ್ಸೈಡ್ ಬೇಕು), ಆದರೆ ಬಿಸಿಗೆ ಹಾರಿಹೋಗುತ್ತೆ, 12ರಿಂದ 15 ಮಿ.ಲೀ. ಹಾಕಿ. ಪಿಎಚ್ 9ರಿಂದ 11ರೊಳಗೆ ನಿಲ್ಲಬೇಕು. ಫ್ಯೂಮ್ ಹುಡ್ ಇಲ್ಲದೆ ಮಾಡಬೇಡಿ. ಕ್ಷಣದಲ್ಲಿ ಕಪ್ಪಾಗಬೇಕು, ಕಂದು ಅಥವಾ ಇಟ್ಟಿಗೆ ಬಣ್ಣ ಬಂದರೆ ಆಮ್ಲಜನಕ ನುಗ್ಗಿದೆ. ಅರ್ಧ ಗಂಟೆ ಬಿಟ್ಟು ಆಯಸ್ಕಾಂತ ಹಿಡಿದು ಪಿಎಚ್ 7 ಬರುವವರೆಗೆ ತೊಳೆಯಿರಿ. ಪೂರ್ತಿ ಬಂದರೆ 2.3 ಗ್ರಾಂ. ಒಲೆಯಲ್ಲಿ ಒಣಗಿಸಬೇಡಿ, ಗಟ್ಟಿಯಾದ ಗಂಟು ಮತ್ತೆ ಯಾವ ಸೋನಿಕೇಟರಿಗೂ ಬಿಡಲ್ಲ. ನೀರಿನಲ್ಲೇ ಇಟ್ಟು, ಒಂದು ಮಿ.ಲೀ. ಮಾತ್ರ ಒಣಗಿಸಿ ತೂಕ ನೋಡಿಕೊಳ್ಳಿ.

ಆಮೇಲೆ ಸಿಟ್ರೇಟ್: 2 ಗ್ರಾಂ ಸಿಟ್ರಿಕ್ ಆಮ್ಲ 4 ಮಿ.ಲೀ. ನೀರಲ್ಲಿ ಕರಗಿಸಿ ಸೇರಿಸಿ, ಪಿಎಚ್ ಸುಮಾರು 5, 90 ಡಿಗ್ರಿಯಲ್ಲಿ ಒಂದು ಗಂಟೆ. ಕೊನೆಗೆ ಪಿಎಚ್ 7ಕ್ಕೆ ತನ್ನಿ. ಹೊದಿಕೆ ಚೆನ್ನಾಗಿ ಕೂತಿದ್ದರೆ ಕಣಗಳು ಆಯಸ್ಕಾಂತಕ್ಕೆ ಬೇಗ ಬರೋದೇ ಇಲ್ಲ, ದ್ರವವೇ ಉಬ್ಬಿ ಬರುತ್ತೆ. ಹಾಳಾಯ್ತು ಅಂತ ಚೆಲ್ಲಬೇಡಿ, ಅದೇ ಬೇಕಾಗಿದ್ದು. ಅಸಿಟೋನ್ ಸೇರಿಸಿ ಇಳಿಸಿ ತೊಳೆಯಿರಿ, ಇಲ್ಲಾ ಡಯಾಲಿಸಿಸ್ ಚೀಲಕ್ಕೆ ಹಾಕಿ.

ಸಿಲಿಕಾಗೆ: 100 ಮಿ.ಗ್ರಾಂ. ಕಣ, 80 ಮಿ.ಲೀ. ಎಥನಾಲ್, 20 ಮಿ.ಲೀ. ನೀರು, 2 ಮಿ.ಲೀ. ಅಮೋನಿಯಾ. ಟಿಇಒಎಸ್ (ಸಿಲಿಕಾ ಕೊಡೋ ದ್ರವ) 0.5 ಮಿ.ಲೀ. ಹನಿಹನಿಯಾಗಿ, ಕೋಣೆಯ ಉಷ್ಣತೆಯಲ್ಲಿ ರಾತ್ರಿಯಿಡೀ ಕಲಕಬೇಕು. ಆಯಸ್ಕಾಂತ ಹಿಡಿದ ಮೇಲೂ ಮೇಲಿನ ದ್ರವ ಹಾಲುಮಬ್ಬಾಗಿದ್ದರೆ ಟಿಇಒಎಸ್ ಹೆಚ್ಚಾಗಿ ಕಬ್ಬಿಣವಿಲ್ಲದ ಬರಿ ಸಿಲಿಕಾ ಗುಂಡುಗಳು ಹುಟ್ಟಿವೆ. ಅದನ್ನು ಬಸಿದು, ಮುಂದಿನ ಸಲ ಅರ್ಧಕ್ಕೆ ಇಳಿಸಿ. ಎಥನಾಲ್‌ಗೆ ಅಬಕಾರಿ ಪರವಾನಗಿಯ ರಗಳೆ ಇದೆ, ಕಾಲೇಜಿನ ಸ್ಟಾಕ್ ಇದೆಯಾ ಅಂತ ಈಗಲೇ ವಿಚಾರಿಸಿ.

ರಕ್ತಪರೀಕ್ಷೆ_ಬಸವನಗುಡಿ

ಡಿಎನ್‌ಎ ಭಾಗ ನಾನು ಹೇಳ್ತೀನಿ. 200 ಮೈಕ್ರೋಲೀಟರ್ ಸ್ಯಾಂಪಲ್, ಅಷ್ಟೇ ಅಥವಾ ಹೆಚ್ಚು ಗ್ವಾನಿಡಿನ್ ಬಫರ್ (ಕೊನೆಯ ಮಿಶ್ರಣದಲ್ಲಿ 3-4 ಮೋಲಾರ್ ಉಳಿಯಬೇಕು), ಐಸೋಪ್ರೊಪನಾಲ್, 20 ಮೈಕ್ರೋಲೀಟರ್ ಮಣಿ. ಮಣಿ ತೆಗೆಯುವ ಮೊದಲು ಪ್ರತಿ ಸಲ ವೋರ್ಟೆಕ್ಸ್, ಇಲ್ಲದಿದ್ದರೆ ತಳಕ್ಕೆ ಕೂತು ಮೊದಲ ಟ್ಯೂಬಿಗೂ ಕೊನೆಯ ಟ್ಯೂಬಿಗೂ ಸಂಬಂಧವೇ ಇರಲ್ಲ. 10 ನಿಮಿಷ ಬೆರೆಸಿ, ಆಯಸ್ಕಾಂತಕ್ಕೆ 2 ನಿಮಿಷ, 80 ಶೇಕಡಾ ಎಥನಾಲ್‌ನಿಂದ ಎರಡು ತೊಳೆತ. ಕೊನೆಯ ಹನಿಯನ್ನು ಸಣ್ಣ ಟಿಪ್ಪಿನಿಂದ ಎಳೆದು ತೆಗೆಯಿರಿ. ಉಳಿದ ಎಥನಾಲ್ ಪಿಸಿಆರ್ ಕೆಡಿಸುತ್ತೆ. ಹಾಗಂತ ಮಣಿ ಬಿರುಕು ಬಿಡುವಷ್ಟು ಒಣಗಿಸಿದರೆ ಡಿಎನ್‌ಎ ಬಿಡುವುದಿಲ್ಲ. ಹೊಳಪು ಹೋಗಿ ಮಂಕಾದ ಕೂಡಲೇ 50 ಮೈಕ್ರೋಲೀಟರ್ ಎಲ್ಯೂಷನ್ ಬಫರ್, 60 ಡಿಗ್ರಿ, 5 ನಿಮಿಷ.

ಯುವಿ-ವಿಸಿಬಲ್‌ನಲ್ಲಿ 260 ನ್ಯಾನೋಮೀಟರ್ ತರಂಗಾಂತರದಲ್ಲಿ ಓದುವಾಗ 320ನ್ನೂ ಓದಿ. ಮ್ಯಾಗ್ನೆಟೈಟ್ ಯುವಿಯಲ್ಲಿ ಜೋರಾಗಿ ಹೀರುತ್ತೆ, ದ್ರವದಲ್ಲಿ ಚೂರು ಕಣ ಉಳಿದರೂ ಅದು ಡಿಎನ್‌ಎ ಅಂತ ತೋರುತ್ತೆ. 320ರಲ್ಲಿ ಏನಾದರೂ ಬಂದರೆ ಮತ್ತೆ ಆಯಸ್ಕಾಂತಕ್ಕಿಟ್ಟು ಹೊಸ ಟ್ಯೂಬಿಗೆ ತೆಗೆಯಿರಿ. ಡಿಎನ್‌ಎ ಹಾಕದ ಮಣಿಯನ್ನೂ ಜೊತೆಗೇ ಓಡಿಸಿ. 260/230 ಕುಸಿದಿದ್ದರೆ ಗ್ವಾನಿಡಿನ್ ಉಳಿದಿದೆ, ಮೂರನೇ ತೊಳೆತ ಕೊಡಿ. ಮತ್ತೆ, ಗ್ವಾನಿಡಿನ್ ತ್ಯಾಜ್ಯಕ್ಕೆ ಬ್ಲೀಚ್ ಹಾಕಲೇಬಾರದು, ವಿಷಾನಿಲ ಬರುತ್ತೆ. ಬಾಟಲಿ ಮೇಲೆ ದೊಡ್ಡಕ್ಷರದಲ್ಲಿ ಬರೆದು ಅಂಟಿಸಿ.

ವಾರ್ಡ್_ಸಿಸ್ಟರ್

ಒಂದು ಅಡ್ಡ ಪ್ರಶ್ನೆ. ಟಿಎಸ್‌ಎಚ್ ಯಂತ್ರದಲ್ಲೂ ಇದೇ ಮಣಿ ಅಂದ್ರಲ್ಲ, ಅಲ್ಲೂ ಹೀಗೆ ಎಡವಟ್ಟಾಗುತ್ತಾ?

ರಕ್ತಪರೀಕ್ಷೆ_ಬಸವನಗುಡಿ

ಆಗುತ್ತೆ ಸಿಸ್ಟರ್, ಅದೂ ಮಾತ್ರೆಯಿಂದ. ಕೆಲವು ಯಂತ್ರಗಳಲ್ಲಿ ಮಣಿಗೆ ಸ್ಟ್ರೆಪ್ಟಾವಿಡಿನ್, ಆ್ಯಂಟಿಬಾಡಿಗೆ ಬಯೋಟಿನ್. ಎರಡೂ ಕೂಡಿದರೆ ಆಯಸ್ಕಾಂತಕ್ಕೆ ಸಿಗುತ್ತೆ. ಕೂದಲು ಉದುರುತ್ತೆ ಅಂತ ದಿನಾ 5-10 ಮಿ.ಗ್ರಾಂ. ಬಯೋಟಿನ್ ನುಂಗುವವರು ಈ ಊರಲ್ಲಿ ಕಡಿಮೆಯೇ? ಆ ಬಯೋಟಿನ್ ಮಣಿಯ ಜಾಗಗಳನ್ನೆಲ್ಲ ಹಿಡಿದುಬಿಡುತ್ತೆ. ಟಿಎಸ್‌ಎಚ್ ಸುಳ್ಳಾಗಿ ಕಡಿಮೆ, ಥೈರಾಯ್ಡ್ ಹಾರ್ಮೋನ್ ಎಫ್‌ಟಿ4 ಸುಳ್ಳಾಗಿ ಹೆಚ್ಚು. ಕಾಗದದ ಮೇಲೆ ಪಕ್ಕಾ ಹೈಪರ್‌ಥೈರಾಯ್ಡ್, ರೋಗಿಗೆ ನಡುಕವೂ ಇಲ್ಲ, ತೂಕವೂ ಇಳಿದಿಲ್ಲ. ಹೃದಯಾಘಾತ ಪತ್ತೆಯ ಟ್ರೋಪೋನಿನ್ ಆದರೆ ಸುಳ್ಳಾಗಿ ಕಡಿಮೆ ಬರುತ್ತೆ, ಅದು ಅಪಾಯ. ಎಫ್‌ಡಿಎ 2017ರಲ್ಲಿ ಇದರ ಬಗ್ಗೆ ಎಚ್ಚರಿಸಿತ್ತು. ಥೈರಾಯ್ಡ್ ಪರೀಕ್ಷೆಗೆ ಎರಡು ಮೂರು ದಿನ ಮುಂಚೆ ಬಯೋಟಿನ್ ನಿಲ್ಲಿಸಲು ಹೇಳಿ, ಅಥವಾ ಬಯೋಟಿನ್ ಬಳಸದ ವಿಧಾನದ ಯಂತ್ರದಲ್ಲಿ ಮತ್ತೊಮ್ಮೆ ನೋಡಿಸಿ. ಎದೆನೋವಿನವರಿಗೆ ಕಾಯುವ ಮಾತಿಲ್ಲ. ಬಯೋಟಿನ್ ತಗೊಳ್ತಾರೆ ಅಂತ ಲ್ಯಾಬಿಗೆ ಫೋನ್ ಮಾಡಿ ತಿಳಿಸಿ, ಇಸಿಜಿ ನೋಡಿ ಮುಂದುವರಿಯಲಿ.

ಸುರುಳಿ_ಎಸ್‌ಪಿರೋಡ್

ಹುಡುಗರು ಹೈಪರ್‌ಥರ್ಮಿಯಾ ಪೂರ್ತಿ ಕೈಬಿಡೋದು ಬೇಡ. ಸಿಟ್ರೇಟ್ ಕಣ ಇದ್ದೇ ಇರುತ್ತೆ, ಒಂದು ಅಧ್ಯಾಯಕ್ಕೆ ಹೀಗೆ ಮಾಡಿ: ಅದೇ ಸಾಂದ್ರತೆಯನ್ನು ಒಮ್ಮೆ ನೀರಲ್ಲಿ, ಒಮ್ಮೆ 2 ಶೇಕಡಾ ಅಗರ್‌ನಲ್ಲಿ ಅಳೆಯಿರಿ. ನೀರಲ್ಲಿ ಕಣ ತಾನೇ ತಿರುಗಿಯೂ ಬಿಸಿ ಕೊಡುತ್ತೆ, ಅಗರ್‌ನಲ್ಲಿ ತಿರುಗಲಾಗದು. ಗಡ್ಡೆಯೊಳಗೆ ಅಂಟಿದಾಗಿನ ಸ್ಥಿತಿಗೆ ಅಗರ್ ಹತ್ತಿರ.

ಜಾಲಹಳ್ಳಿ_ಕೊಲಾಯ್ಡ್

ಮಾಡಲಿ, ಆದರೆ ನಿರೀಕ್ಷೆ ಕಡಿಮೆ ಇರಲಿ. ಕೋ-ಪ್ರೆಸಿಪಿಟೇಷನ್‌ನಲ್ಲಿ ಬರೋದು 10 ನ್ಯಾನೋಮೀಟರ್ ಆಸುಪಾಸು, ಗಾತ್ರವೂ ಚದುರಿರುತ್ತೆ. ಬಿಸಿಗೆ ಒಳ್ಳೆಯದು 15ರಿಂದ 20. ಅದು ಬೇಕಿದ್ದರೆ ಐರನ್ ಓಲಿಯೇಟನ್ನು 320 ಡಿಗ್ರಿಯಲ್ಲಿ ಒಡೆಯಬೇಕು, ನಿಮ್ಮ ಲ್ಯಾಬಿನ ಮಾತಲ್ಲ.

ಕಬ್ಬಿಣದಕಡಲೆ

ಕೊನೇ ಪ್ರಶ್ನೆ: ಕಬ್ಬಿಣ ಎಷ್ಟಿದೆ ಅಂತ ಅಳೆಯಲು ಐಸಿಪಿ (ಲೋಹ ಅಳೆಯೋ ದುಬಾರಿ ಯಂತ್ರ) ಬೇಕೇಬೇಕಾ? ಮತ್ತೆ ವಿಎಸ್‌ಎಂ (ಕಾಂತತ್ವ ಅಳೆಯೋದು) ಎಲ್ಲಿ ಮಾಡಿಸೋದು?

ಜಾಲಹಳ್ಳಿ_ಕೊಲಾಯ್ಡ್

ಬೇಕಿಲ್ಲ. 20 ಮೈಕ್ರೋಲೀಟರ್ ಸ್ಯಾಂಪಲನ್ನು ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 60 ಡಿಗ್ರಿಗೆ ಒಂದು ಗಂಟೆ ಇಡಿ, ಕಪ್ಪು ಪೂರ್ತಿ ಹೋಗಿ ತಿಳಿ ಹಳದಿ ಆಗಬೇಕು. ಹೈಡ್ರಾಕ್ಸಿಲಮೀನ್ ಹಾಕಿ ಫೆರಸ್‌ಗೆ ಇಳಿಸಿ, ಅಸಿಟೇಟ್ ಬಫರ್‌ನಲ್ಲಿ ಪಿಎಚ್ 4-5, ಆಮೇಲೆ ಫಿನಾಂಥ್ರೋಲಿನ್. 510 ನ್ಯಾನೋಮೀಟರಲ್ಲಿ ಓದಿ. ಲೀಟರಿಗೆ 5 ಮಿ.ಗ್ರಾಂ. ಒಳಗೆ ಬರುವಂತೆ ದುರ್ಬಲಗೊಳಿಸಿ. ಸಿಲಿಕಾ ಹೊದಿಸಿದ ಮಣಿಗೆ ಒಂದು ಗಂಟೆ ಸಾಲದು, ಆಮ್ಲ ಒಳಗಿಳಿಯಲು ರಾತ್ರಿಯಿಡೀ ಬಿಡಿ.

ವಿಎಸ್‌ಎಂ, ಎಕ್ಸ್‌ಆರ್‌ಡಿಗೆ (ಎಕ್ಸ್‌ರೇಯಿಂದ ಹರಳಿನ ರಚನೆ ನೋಡೋದು) ಐಐಎಸ್ಸಿಯ ಸೆನ್ಸ್ ಕೇಂದ್ರದ ಮಾಪನ ಲ್ಯಾಬ್ ಎಂಎನ್‌ಸಿಎಫ್ ವಿಚಾರಿಸಿ, ಹೊರಗಿನ ವಿದ್ಯಾರ್ಥಿಗಳಿಗೂ ಶುಲ್ಕಕ್ಕೆ ಮಾಪನ ಮಾಡಿಕೊಡ್ತಾರೆ. ಎಕ್ಸ್‌ಆರ್‌ಡಿ ನೋಡಿ ‘ಶುದ್ಧ ಮ್ಯಾಗ್ನೆಟೈಟ್’ ಅಂತ ಬರೀಬೇಡಿ. ಈ ಗಾತ್ರದಲ್ಲಿ ಇನ್ನೊಂದು ಕಬ್ಬಿಣದ ಆಕ್ಸೈಡ್ ಮ್ಯಾಗ್‌ಹೆಮೈಟ್‌ನ ಗೆರೆಗಳೂ ಹೆಚ್ಚುಕಡಿಮೆ ಅಲ್ಲೇ ಬೀಳುತ್ತವೆ. ‘ಮ್ಯಾಗ್ನೆಟೈಟ್/ಮ್ಯಾಗ್‌ಹೆಮೈಟ್’ ಅಂದರೆ ಸಾಕು. ವಿಎಸ್‌ಎಂಗೆ ಒಣ ಪುಡಿ 20-30 ಮಿ.ಗ್ರಾಂ. ಕೊಡಿ, ಜೊತೆಗೆ ಅದರಲ್ಲಿ ಕಬ್ಬಿಣ ಶೇಕಡಾ ಎಷ್ಟು ಅಂತ ಈ ಫಿನಾಂಥ್ರೋಲಿನ್ ಲೆಕ್ಕದಿಂದ ಬರೆದುಕೊಳ್ಳಿ. ಇಲ್ಲದಿದ್ದರೆ ಗ್ರಾಂಗೆ 40 ಇಎಂಯು (ಕಾಂತತ್ವದ ಮಾನ) ಬಂದಾಗ ಕಣ ಕೆಟ್ಟಿದ್ದೋ, ಸಿಲಿಕಾ ತೂಕ ಹೆಚ್ಚಾದದ್ದೋ ಗೊತ್ತಾಗಲ್ಲ. ಉಳಿದ ದ್ರವವನ್ನು ಫ್ರಿಜ್ಜಿನಲ್ಲಿ 4 ಡಿಗ್ರಿಗೆ ಇಡಿ, ಫ್ರೀಜರಿಗೆ ಹಾಕಬೇಡಿ. ಒಮ್ಮೆ ಹೆಪ್ಪುಗಟ್ಟಿದರೆ ಗಂಟು ಬಿಡಲ್ಲ.